ಎರವಲು ಹೆಸರಿನ ಮನೆತನ: ವೆಲ್ಲೆಸ್ಲಿಗಳು ಡ್ಯೂಕ್ ಆದ ಬಗೆ

ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲಿನ ಸೇತುವೆಗೆ ವೆಲ್ಲೆಸ್ಲಿಯ ಹೆಸರಿದೆ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯೇ ಇವನು ಎಂದುಕೊಳ್ಳುವವರುಂಟು. ಆದರೆ ಸೇತುವೆಯ ಮೇಲಿರುವುದು ಅವನ ಅಣ್ಣ, ಗವರ್ನರ್ ಜನರಲ್ ರಿಚರ್ಡ್‌ನ ಹೆಸರು. ಆ ಹೆಸರಾದರೂ ಅವರ ಮನೆತನದ ಸ್ವಂತದ್ದಲ್ಲ.

ಅವರು ಮೂಲತಃ ಕೋಲಿಗಳು, ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಜಮೀನ್ದಾರರು. 1728ರಲ್ಲಿ ಮಕ್ಕಳಿಲ್ಲದ ಗ್ಯಾರೆಟ್ ವೆಸ್ಲಿ ತೀರಿಕೊಂಡಾಗ ಅವನ ಆಸ್ತಿ ಬಂಧು ರಿಚರ್ಡ್ ಕೋಲಿಗೆ ಬಂತು, ಆಸ್ತಿಯ ಜೊತೆಗೆ ವೆಸ್ಲಿ ಎಂಬ ಹೆಸರೂ ಬಂತು. ದತ್ತು ಹೋದವರು ಮನೆತನದ ಹೆಸರು ಬದಲಿಸಿಕೊಳ್ಳುವುದನ್ನು ಕಂಡ ನಮಗೆ ಇದು ಹೊಸದೇನಲ್ಲ. ಅಲ್ಲಿನ ಕುಲೀನ ಪದವಿಗಳು ಕೆಳಗಿನಿಂದ ಮೇಲಕ್ಕೆ ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವಿಸ್, ಡ್ಯೂಕ್. 1746ರಲ್ಲಿ ಈ ರಿಚರ್ಡ್ ಬ್ಯಾರನ್ ಮಾರ್ನಿಂಗ್ಟನ್ ಆದ. ಮಗ ಗ್ಯಾರೆಟ್ 1760ರಲ್ಲಿ ಅರ್ಲ್ ಆದ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕನೂ ಅವನೇ. 1781ರಲ್ಲಿ ಸತ್ತಾಗ ಮಕ್ಕಳಿಗೆ ಪದವಿಯ ಜೊತೆ ಸಾಲವನ್ನೂ ಬಿಟ್ಟುಹೋದ.

ಹಿರಿಮಗ ರಿಚರ್ಡ್ 1789ರಲ್ಲಿ ವೆಸ್ಲಿಯನ್ನು ವೆಲ್ಲೆಸ್ಲಿ ಎಂಬ ಹಳೆಯ ರೂಪಕ್ಕೆ ತಿರುಗಿಸಿದ. ತಮ್ಮ ಆರ್ಥರ್ ಹಾಗೆ ಸಹಿ ಹಾಕತೊಡಗಿದ್ದು 1798ರಲ್ಲಿ, ಭಾರತದಲ್ಲಿದ್ದಾಗ. ಮರುವರ್ಷ ಮೇ 4ರಂದು ಟಿಪ್ಪು ಮಡಿದ, ಶ್ರೀರಂಗಪಟ್ಟಣ ಬಿತ್ತು. ಕೋಟೆಯ ಆಡಳಿತ ಆರ್ಥರ್‌ನ ಕೈಗೆ ಬಂತು. ರಿಚರ್ಡ್‌ಗೆ ಸಿಕ್ಕ ಬಹುಮಾನ ಮಾರ್ಕ್ವಿಸ್ ಪದವಿ, ಅದೂ ಐರ್ಲೆಂಡಿನದು. ಲಂಡನ್ನಿನ ಕಣ್ಣಲ್ಲಿ ಐರಿಷ್ ಪದವಿ ಒಂದು ಮೆಟ್ಟಿಲು ಕೆಳಗಿನದು. ಚಿನ್ನದ ಲೇಪ ಹಚ್ಚಿದ ಆಲೂಗಡ್ಡೆ ಎಂದು ಅವನು ಅದನ್ನು ಜರೆದ. ಒಂದು ರಾಜ್ಯವನ್ನೇ ಕೆಡವಿದವನ ಅಸಮಾಧಾನ ಇಷ್ಟಕ್ಕೆ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ತಮ್ಮ ಆರ್ಥರ್ ಅಣ್ಣನನ್ನು ಮೀರಿಸಿದ್ದು ಸ್ಪೇನ್, ಪೋರ್ಚುಗಲ್ ಯುದ್ಧಗಳಲ್ಲಿ. 1809ರಲ್ಲಿ ವೈಕೌಂಟ್ ಪದವಿ ಬಂದಾಗ ಆರ್ಥರ್ ರಣರಂಗದಲ್ಲಿದ್ದ. ಯಾವ ಊರಿನ ಹೆಸರು ಹಿಡಿಯಬೇಕೆಂಬುದನ್ನು ಇನ್ನೊಬ್ಬ ಅಣ್ಣ ವಿಲಿಯಂ ತೀರ್ಮಾನಿಸಿದ. ವೆಲ್ಲೆಸ್ಲಿಗೆ ಹತ್ತಿರವಾಗಿ ಕೇಳಿಸುತ್ತದೆಂದು ಸಾಮರ್‌ಸೆಟ್‌ನ ವೆಲ್ಲಿಂಗ್ಟನ್ ಊರನ್ನು ಆರಿಸಿದ. 1812ರಲ್ಲೇ ಅರ್ಲ್, ಆಮೇಲೆ ಮಾರ್ಕ್ವಿಸ್, 1814ರಲ್ಲಿ ಡ್ಯೂಕ್. ಅಷ್ಟು ವರ್ಷವೂ ಹೊರದೇಶದಲ್ಲಿದ್ದವನು 1814ರ ಜೂನ್‌ನಲ್ಲಿ ಮೊದಲ ಬಾರಿಗೆ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಬಂದಾಗ, ನಾಲ್ಕೂ ಪದವಿಗಳ ಸನ್ನದುಗಳನ್ನು ಒಂದೇ ದಿನ ಓದಬೇಕಾಯಿತು.

ಸ್ಪೇನ್ ಅವನನ್ನು ಸಿಯುದಾದ್ ರೋದ್ರಿಗೋದ ಡ್ಯೂಕ್ ಮಾಡಿ ಗ್ರಾನಡಾ ಬಳಿ ಜಮೀನು ಕೊಟ್ಟಿತು. ಪೋರ್ಚುಗಲ್ ಕೂಡ ಡ್ಯೂಕ್ ಮಾಡಿತು. ನೆದರ್‌ಲೆಂಡ್ಸ್ 1815ರಲ್ಲಿ ವಾಟರ್ಲೂವಿನ ಪ್ರಿನ್ಸ್ ಎಂದು ಕರೆಯಿತು.

ದೇಶಕ್ಕೊಂದು ವಾರಸುದಾರಿಕೆಯ ನಿಯಮ. ಬ್ರಿಟನ್ನಿನ ಡ್ಯೂಕ್ ಪದವಿ ಗಂಡುಸಂತಾನಕ್ಕೆ ಮಾತ್ರ. ಸ್ಪೇನಿನದು ಹೆಣ್ಣಿಗೂ ಹೋಗಬಹುದು. 1943ರಲ್ಲಿ ಆರನೆಯ ಡ್ಯೂಕ್ ಇಟಲಿಯ ಸಲೆರ್ನೊದಲ್ಲಿ ಯುದ್ಧದಲ್ಲಿ ಸತ್ತಾಗ ಬ್ರಿಟಿಷ್ ಪದವಿ ಚಿಕ್ಕಪ್ಪನಿಗೆ, ಸ್ಪೇನಿನದು ಅಕ್ಕ ಆ್ಯನ್‌ಗೆ ಹೋಯಿತು. 1949ರಲ್ಲಿ ಆಕೆ ಅದನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಳು.

ರಿಚರ್ಡ್‌ಗೆ ಕಾನೂನುಬದ್ಧ ಗಂಡುಮಕ್ಕಳಿರಲಿಲ್ಲ. ಶ್ರೀರಂಗಪಟ್ಟಣ ತಂದ ಮಾರ್ಕ್ವಿಸ್ ಪದವಿ 1842ರಲ್ಲಿ ಅವನ ಜೊತೆಗೇ ಮುಗಿಯಿತು. ಮಾರ್ನಿಂಗ್ಟನ್ ಅರ್ಲ್ ಪದವಿ 1863ರಲ್ಲಿ ವೆಲ್ಲಿಂಗ್ಟನ್ ಡ್ಯೂಕ್‌ಗಳ ಮನೆ ಸೇರಿತು. ಡ್ಯೂಕ್‌ನ ಹಿರಿಮಗನನ್ನು ಇಂದಿಗೂ ಕರೆಯುವುದು ಡೋರೊ ಮಾರ್ಕ್ವಿಸ್ ಎಂದು, ಆರ್ಥರ್ 1809ರಲ್ಲಿ ದಾಟಿದ ಪೋರ್ಚುಗಲ್ಲಿನ ನದಿಯ ಹೆಸರಿನಿಂದ. ಕಾವೇರಿಯ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.