ಹೊಲದ ಬದುವಿನಲ್ಲಿ ಅಕ್ಷರದ ಕಲ್ಲಿದೆ, ತಿಳಿಸಿದರೆ ಎತ್ತಿಕೊಂಡು ಹೋಗುತ್ತಾರಾ?

ಪ್ರಶ್ನೆ: ನಮ್ಮ ಹೊಲದ ಬದುವಿನ ಮೇಲೆ ಅಜ್ಜನ ಕಾಲದಿಂದಲೂ ಒಂದು ಕಲ್ಲು ನಿಂತಿದೆ. ಮೇಲ್ಗಡೆ ಸೂರ್ಯ ಚಂದ್ರ, ಕೆಳಗೆ ಸವೆದ ಅಕ್ಷರ. ಇತಿಹಾಸ ಸಂಘದವರಿಗೆ ತಿಳಿಸೋಣ ಅಂದರೆ ಮನೆಯಲ್ಲಿ ಬೇಡ ಅನ್ನುತ್ತಾರೆ. ಕಲ್ಲು ಒಯ್ಯುತ್ತಾರೆ, ಜಮೀನಿಗೂ ತಕರಾರು ಬರುತ್ತದೆ ಅನ್ನುವ ಭಯ. ನಿಜವಾ?

ಉತ್ತರ: ತಿಳಿಸಿ. ಬೇಗ ತಿಳಿಸಿದಷ್ಟೂ ಒಳ್ಳೆಯದು.

ಮೊದಲು ಜಮೀನಿನ ಮಾತು. ಶಾಸನದ ಕಲ್ಲು ಸಿಕ್ಕಿದ ಮಾತ್ರಕ್ಕೆ ಹೊಲ ಸರ್ಕಾರದ್ದಾಗುವುದಿಲ್ಲ. ಒಂದು ಜಾಗ ಸಂರಕ್ಷಿತ ಸ್ಮಾರಕವಾಗಬೇಕಾದರೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು. ಸುತ್ತ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಆ ನಿಯಮ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳದ್ದು, ಬದುವಿನ ಮೇಲಿರುವ ಪ್ರತಿಯೊಂದು ಕಲ್ಲಿನದ್ದಲ್ಲ. ನೆಲದೊಳಗೆ ಹುದುಗಿದ ನಾಣ್ಯ, ಒಡವೆ ಸಿಕ್ಕರೆ ಮಾತು ಬೇರೆ. ಅದನ್ನು ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಕಲ್ಲನ್ನು ಒಯ್ದ ಉದಾಹರಣೆಯೇ ಇಲ್ಲ ಎನ್ನಲಾರೆ. ಬೇಗೂರಿನ ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಆದರೆ ಅದೇ ಬೇಗೂರಿನ ಇನ್ನೊಂದು ಕಲ್ಲು, ಸುಮಾರು ಕ್ರಿ.ಶ. 890ರದ್ದು, ನಾಗೇಶ್ವರ ದೇವಾಲಯದ ಆವರಣದಲ್ಲೇ ಉಳಿದಿದೆ. 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ನೆನಪಿಗೆ ಬರೆಸಿದ ಶಾಸನ ಅದು. ಬೆಂದ ಕಾಳಿನ ಕಥೆಗಿಂತ ಎಷ್ಟೋ ಶತಮಾನ ಮೊದಲೇ ಈ ಊರಿಗೆ ಬೆಂಗಳೂರೆಂಬ ಹೆಸರಿತ್ತು ಎಂದು ಕಂಡುಕೊಂಡದ್ದು ಆ ಸಣ್ಣ ಕಲ್ಲಿನಿಂದಲೇ. ಇತಿಹಾಸ ಸಂಘಗಳಿಗೆ ಕಲ್ಲು ಒಯ್ಯುವ ಅಧಿಕಾರವೂ ಇಲ್ಲ, ಅದು ಅವರಿಗೆ ಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಅದರ ಮೇಲಿನ ಮಾತು, ಮತ್ತು ಅದು ನಿಂತ ಜಾಗದ ಗುರುತು. ಕೆರೆಯ ತೂಬಿನ ಬಳಿ ನಿಂತ ದತ್ತಿ ಶಾಸನವನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಅರ್ಧ ಅರ್ಥ ಹೋದಂತೆ. ಯಾವ ಕೆರೆ, ಯಾವ ಗದ್ದೆ, ಎಲ್ಲಿಯವರೆಗೆ ಎಂಬುದೆಲ್ಲ ಆ ನೆಲಕ್ಕೆ ಅಂಟಿಕೊಂಡ ಮಾತು.

ನಿಮ್ಮ ಕಲ್ಲಿನ ಸೂರ್ಯ ಚಂದ್ರರೂ ಒಂದು ಮಾತು ಹೇಳುತ್ತಾರೆ: ಅವರಿರುವವರೆಗೂ ಇದು ನಡೆಯಲಿ ಎಂದು. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗವಿದ್ದರೆ ವೀರಗಲ್ಲು. ಬಳೆ ತೊಟ್ಟ, ಎತ್ತಿದ ಕೈ ಇದ್ದರೆ ಮಾಸ್ತಿಕಲ್ಲು, ಅಂದರೆ ಗಂಡನೊಡನೆ ಚಿತೆಯೇರಿದವಳ ನೆನಪಿನ ಕಲ್ಲು. ಬರೀ ಅಕ್ಷರವಿದ್ದರೆ ಬಹುಶಃ ದಾನದ ಶಾಸನ. ಅದರ ಕೊನೆಯಲ್ಲಿ, ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪ ಎಂಬ ಶಾಪವೂ ಇರಬಹುದು. ಇಂಥ ಕಲ್ಲುಗಳ ಬುಡದಲ್ಲಿ ನಿಧಿ ಇದೆ ಎಂಬ ನಂಬಿಕೆ ಎಷ್ಟು ಶಾಸನಗಳನ್ನು ಒಡೆಸಿದೆಯೋ, ನೆನೆದರೆ ಸಂಕಟವಾಗುತ್ತದೆ. ಶಾಸನ ಜನ ಓದಲೆಂದು ಎದ್ದು ಕಾಣುವಂತೆ ನಿಲ್ಲಿಸಿದ ಕಲ್ಲು. ಗುಟ್ಟಾಗಿ ಹೂತದ್ದಕ್ಕೆ ಯಾರು ತಾನೇ ಗುರುತು ಬರೆಸಿಡುತ್ತಾರೆ?

ಬರೆದಿಟ್ಟದ್ದರಿಂದ ಏನು ಸಿಗುತ್ತದೆ ಎಂಬುದಕ್ಕೆ ಬೆಂಗಳೂರನ್ನೇ ನೋಡಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಮತ್ತು ಅವರ ಸಹಾಯಕರು ಹಳೇ ಮೈಸೂರು ಸೀಮೆಯ ಊರೂರು ತಿರುಗಿ ಶಾಸನಗಳ ಅಚ್ಚು ತೆಗೆದರು. ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ಬ್ರಷ್‌ನಿಂದ ತಟ್ಟಿ, ಮೇಲೆ ಮಸಿ ಒತ್ತುವ ಕೆಲಸ ಅದು. ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಹೀಗೆ ಸಿದ್ಧವಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಬೆಂಗಳೂರು ಜಿಲ್ಲೆಯದು 1905ರಲ್ಲಿ ಬಂದ 9ನೆಯ ಸಂಪುಟ. ಯಾವ ಊರು, ಊರಿನ ಯಾವ ದಿಕ್ಕು, ಯಾವ ಗುಡಿಯ ಬಳಿ ಎಂದು ಅದರಲ್ಲಿ ಗುರುತಿದೆ. ನಗರ ಬೆಳೆಯುತ್ತ ಹೋದಂತೆ ಎಷ್ಟೋ ಕಲ್ಲುಗಳು ಅಡಿಪಾಯದಡಿ ಸೇರಿದವು. ಈಗ ಅವುಗಳ ಪಾಠ ಉಳಿದಿರುವುದು ಆ ಪುಟಗಳಲ್ಲಿ ಮಾತ್ರ.

ಉಳಿದವನ್ನು ಹುಡುಕುತ್ತಿರುವುದು 1909ರಲ್ಲಿ ಹುಟ್ಟಿದ, ಬೆಂಗಳೂರಿನ ನೃಪತುಂಗ ರಸ್ತೆಯ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿ. 2021ರಿಂದ ಅದರ ತಂಡ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಗೀರೂ ಪರದೆಯ ಮೇಲೆ ಎದ್ದು ಬರುತ್ತದೆ. ಕಲ್ಲು ನಿಂತಲ್ಲೇ ಇರುತ್ತದೆ.

ಹೊಸದಾಗಿ ಸಿಗುವುದೂ ನಿಂತಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಆಳ್ವಿಕೆಯದು. ಕಾದಿ ಸತ್ತ ಕಿತ್ತಯ್ಯನ ಹೆಸರು ಅದರಲ್ಲಿದೆ. ಪೆರ್ಬೊಳಲ್‌ನಾಡು ಎಂಬ ಹೆಸರೂ ಇದೆ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ, ಇಂದಿನ ಹೆಬ್ಬಾಳ. ಮೇಲ್ಸೇತುವೆಯ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಾಗೆಲ್ಲ ನನಗೆ ಆ ಕಿತ್ತಯ್ಯ ನೆನಪಾಗುತ್ತಾನೆ. ಅಲ್ಲಿನ ಜನರೇ ಮುಂದೆ ನಿಂತು ಆ ಕಲ್ಲನ್ನು ಕಾಪಾಡಿಕೊಂಡರು.

ನಿಮ್ಮ ಜಿಲ್ಲೆಯ ಇತಿಹಾಸ ಸಂಘಕ್ಕೆ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಅಥವಾ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಬಹುದು. ಅವರು ಬರುವವರೆಗೆ ಕಲ್ಲಿಗೆ ಬಣ್ಣ, ಎಣ್ಣೆ, ಸುಣ್ಣ ಬಳಿಯಬೇಡಿ. ಅಕ್ಷರ ಕಾಣಲೆಂದು ಮೊಳೆಯಿಂದ ಕೆರೆಯಬೇಡಿ. ವಾಲಿದೆ ಎಂದು ಬುಡಕ್ಕೆ ಸಿಮೆಂಟ್ ಹಾಕಬೇಡಿ. ಮಣ್ಣು ಹತ್ತಿದ್ದರೆ ಬರೀ ನೀರು, ಮೆತ್ತನೆ ಬ್ರಷ್ ಸಾಕು. ಫೋಟೋ ನಡು ಮಧ್ಯಾಹ್ನ ತೆಗೆದರೆ ಅಕ್ಷರ ಕಾಣುವುದಿಲ್ಲ. ಬೆಳಗಿನ ಎಳೆಬಿಸಿಲಲ್ಲಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ತೆಗೆಯಿರಿ. ನಾಲ್ಕೂ ಬದಿ ತೆಗೆಯಿರಿ, ಹಿಂದೆಯೂ ಬರಹವಿರಬಹುದು. ಎತ್ತರ, ಅಗಲ, ಮುಖ ಯಾವ ದಿಕ್ಕಿಗಿದೆ ಎಂಬುದನ್ನು ಬರೆದುಕೊಳ್ಳಿ.

ಬೇಡ ಎನ್ನುತ್ತಿರುವ ಮನೆಯ ಹಿರಿಯರ ಹತ್ತಿರವೇ ಕೂತು ಇನ್ನೊಂದು ಕೇಳಿ: ಆ ಕಲ್ಲನ್ನು ಅವರು ಏನೆಂದು ಕರೆಯುತ್ತಿದ್ದರು, ಆ ಹೊಲಕ್ಕೆ ಏನು ಹೆಸರು, ಹಬ್ಬದಲ್ಲಿ ಅದಕ್ಕೆ ಎಡೆ ಇಡುತ್ತಿದ್ದರಾ? ಯಾವ ಸ್ಕ್ಯಾನರ್‌ಗೂ ಅದು ಸಿಗುವುದಿಲ್ಲ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಫೋಟೋಗಳ ಜೊತೆಗಿಟ್ಟು ಸಂಘದವರ ಕೈಗೆ ಕೊಡಿ.