ಬಿದ್ದ ಕೂಸಿಗೆ ಸಿಟಿ ಆದಮೇಲೂ ಎಂಆರ್‌ಐ ಯಾಕೆ?

ಪ್ರಶ್ನೆ: ಹತ್ತು ತಿಂಗಳ ಮಗು ಮಂಚದಿಂದ ಬಿತ್ತು. ಅವತ್ತಿನಿಂದ ಬಲಗೈ ಎತ್ತುತ್ತಿಲ್ಲ. ಚಿತ್ರದುರ್ಗದಲ್ಲಿ ಸಿಟಿ ಮಾಡಿ ರಕ್ತಸ್ರಾವ ಇಲ್ಲ ಅಂದರು. ಈಗ ದಾವಣಗೆರೆಗೆ ಹೋಗಿ ಎಂಆರ್‌ಐ ಮಾಡಿಸಿ ಅಂತಾರೆ. ಬೇಕೇ?

ಬೇಕು, ಅದೂ ತಡಮಾಡದೆ. ತಲೆಯೊಳಗೆ ರಕ್ತ ಸೋರಿದೆಯೇ, ಮೂಳೆ ಬಿರಿದಿದೆಯೇ ಎಂಬುದನ್ನು ಸಿಟಿ ಹೇಳಿದೆ. ಆದರೆ ಕೈ ಎತ್ತದಿರುವುದಕ್ಕೆ ಲಕ್ವ ಕಾರಣವಿರಬಹುದು; ರಕ್ತನಾಳ ಕಟ್ಟಿಕೊಂಡು ಆಗುವ ಲಕ್ವದಲ್ಲಿ ಮೊದಲ ಕೆಲವು ಗಂಟೆ ಸಿಟಿ ಸಹಜವಾಗಿಯೇ ಕಾಣಬಹುದು. ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ರಕ್ತ ಸಿಗದ ಜಾಗ ಬೆಳ್ಳಗೆ ಹೊಳೆಯುತ್ತದೆ. ಜೀವಕೋಶ ಊದಿಕೊಂಡು ನೀರಿನ ಅಣುಗಳ ಓಡಾಟ ಕುಗ್ಗುವುದು ಕಾರಣ. ಆ ಓಡಾಟವನ್ನು ಅಳೆದು ತೋರಿಸುವ ಜೊತೆಗಿನ ಎಡಿಸಿ ನಕ್ಷೆಯಲ್ಲಿ ಅದೇ ಜಾಗ ಕಪ್ಪಾಗಿದ್ದರೆ ಲಕ್ವ ಹೊಸದು. ಸುಮಾರು ಒಂದು ವಾರದ ನಂತರ ಈ ಕಪ್ಪು ಮಾಸುತ್ತದೆ.

ಅದೇ ಸರದಿಯಲ್ಲಿ ಎಂಆರ್‌ ಆಂಜಿಯೋಗ್ರಾಮ್ (ರಕ್ತನಾಳಗಳ ಚಿತ್ರ) ಸೇರಿಸಲು ಕೇಳಿ. ಇಂಜೆಕ್ಷನ್ ಇಲ್ಲದೆಯೂ ಆಗುತ್ತದೆ. ಆದರೆ ರಕ್ತ ನಿಧಾನವಾಗಿ ಅಥವಾ ಸುಳಿಯಾಗಿ ಹರಿದರೆ ನಾಳ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ, ವರದಿಯ ಒಂದೇ ಸಾಲು ಓದಿ ಗಾಬರಿಯಾಗಬೇಡಿ.

ಹಾಗಂತ ಹಳೇ ಸಿಟಿ ವ್ಯರ್ಥವಲ್ಲ. ಈ ವಯಸ್ಸಿನಲ್ಲಿ ಸಣ್ಣಗೆ ಬಿದ್ದಮೇಲೆ ಬರುವ ಲಕ್ವಕ್ಕೆ ನಮ್ಮ ದೇಶದ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣವೊಂದಿದೆ: ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾಕ್ಕೆ ಹೋಗುವ ಕೂದಲೆಳೆಯಂಥ ನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿರುವುದು. ಇದನ್ನು ಎಂಆರ್‌ಐಗಿಂತ ಸಿಟಿಯೇ ಚೆನ್ನಾಗಿ ತೋರಿಸುತ್ತದೆ, ಅದೂ ತೆಳು ಸ್ಲೈಸ್‌ಗಳನ್ನು ಮುಂದಿನಿಂದ, ಪಕ್ಕದಿಂದ ಮರುಜೋಡಿಸಿ ನೋಡಿದಾಗ. ಫಿಲ್ಮ್‌ನಲ್ಲಿ ತಪ್ಪಿಹೋಗುವುದು ಸುಲಭ, ಸಿಡಿಯನ್ನೇ ಒಯ್ಯಿರಿ. ಈ ಕಾರಣವಾದರೆ ಬಹುತೇಕ ಮಕ್ಕಳು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಮತ್ತೆ ಬಿದ್ದರೆ ಮರುಕಳಿಸಬಹುದು, ಮಂಚದ ಬದಲು ಚಾಪೆ ಒಳ್ಳೆಯದು.

ಮಗು ಅಲುಗಿದರೆ ಚಿತ್ರ ಕೆಡುತ್ತದೆ. ಇಷ್ಟು ಚಿಕ್ಕವರಿಗೆ ಸಾಮಾನ್ಯವಾಗಿ ನಿದ್ದೆಯ ಔಷಧಿ ಬೇಕು. ಅದಕ್ಕೆ ಮುಂಚೆ ಎದೆಹಾಲು 4 ಗಂಟೆ, ಹಸುವಿನ ಹಾಲು, ರಾಗಿ ಸರಿ, ಬಿಸ್ಕತ್ತು 6 ಗಂಟೆ ನಿಲ್ಲಿಸಬೇಕು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶ ಸೇರಬಾರದು. ಹೊಸದುರ್ಗ, ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬರುವವರು ಎಡವುವುದು ಇಲ್ಲೇ: ಅಳು ನಿಲ್ಲಿಸಲು ದಾರಿಯಲ್ಲಿ ಒಂದು ಬಿಸ್ಕತ್ತು ಕೊಟ್ಟರೆ ಎಂಆರ್‌ಐ ಮುಂದಕ್ಕೆ ಹೋಗುತ್ತದೆ. ಉಡಿದಾರ, ಕಾಲ್ಗೆಜ್ಜೆ, ತಾಯತ ಮನೆಯಲ್ಲೇ ಬಿಚ್ಚಿಡಿ, ಕಾಡಿಗೆಯನ್ನೂ ಒರೆಸಿ.

ಫಿಟ್ಸ್, ಬಿಡದ ವಾಂತಿ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಎಂಆರ್‌ಐ ಸರದಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ. 108ಕ್ಕೆ ಕರೆ ಮಾಡಿ.