ಮೊದಲು ಇಳಿಜಾರು, ಆಮೇಲೆ ಹಂಚೋ ಶೀಟೋ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಆರ್‌ಸಿಸಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ನೀಲಿಯೋ ಹಸಿರೋ ಶೀಟು ಹೊದಿಸಿದ ಮನೆಗಳು ಒಂದರ ಹಿಂದೊಂದು ಕಾಣುತ್ತವೆ. ಒಂದೇ ಮನೆಗೆ ಎರಡು ಮಾಡು, ಎರಡು ಖರ್ಚು. ನನ್ನ ಕೈಯಲ್ಲೇ ಅಂಥ ಹಲವು ಶೀಟು ಹೊದಿಸಿದ್ದೇನೆ. ಪ್ರತಿ ಬಾರಿಯೂ ಆ ಮನೆಯವರ ದುಡ್ಡು ನೆನೆದು ಬೇಸರವಾಗಿದೆ.

ಮಾಡಿನ ವಿಷಯಕ್ಕೆ ಬಂದಾಗ ಎಲ್ಲರೂ ಮೊದಲು ಕೇಳುವುದು ಚದರಡಿಯ ದರವನ್ನು. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ನಿಮ್ಮೂರಿನ ಮಳೆ ಎಷ್ಟು? ಹತ್ತು ವರ್ಷಗಳ ಮೇಲೆ ಮಾಡು ಹತ್ತಿ ರಿಪೇರಿ ಮಾಡುವವರು ಯಾರು?

ವಿಜಯಪುರದ ಕಡೆ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅಲ್ಲಿ ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಗಳು ತಲೆಮಾರುಗಟ್ಟಲೆ ಬಾಳಿವೆ. ಆಗುಂಬೆಯಲ್ಲಿ ಸರಾಸರಿ 7000 ಮಿ.ಮೀ. ದಾಟುತ್ತದೆ. ಅಲ್ಲಿ ಮಟ್ಟಸ ತಾರಸಿ ಹಾಕುವುದೆಂದರೆ ನಾಲ್ಕು ತಿಂಗಳು ತಟ್ಟೆಯಲ್ಲಿ ನೀರು ಹಿಡಿದಿಟ್ಟಂತೆ. ಕಾಂಕ್ರೀಟಿನಲ್ಲಿ ಕೂದಲೆಳೆಯ ಬಿರುಕು ಬಿಡುವುದು ಸಹಜ. ನೀರು ಅದರಲ್ಲಿ ಇಳಿದು ಕಂಬಿಗೆ ತಗಲುತ್ತದೆ, ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಒಂದು ದಿನ ಒಳಗಿನ ಗಾರೆ ಹೆಕ್ಕಳಿಕೆಯಾಗಿ ಉದುರುತ್ತದೆ. ನಮ್ಮಲ್ಲಿ ಸ್ಲ್ಯಾಬ್ ಹಾಕುವುದೂ ಏಪ್ರಿಲ್, ಮೇ ತಿಂಗಳಲ್ಲಿ. ಬಾವಿ ತಳ ಕಂಡಿರುವಾಗ, ಕಾಂಕ್ರೀಟು ಗಟ್ಟಿಯಾಗಲು ನೀರುಣಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸೋರದಂತೆ ಬಳಿಯುವ ರಾಸಾಯನಿಕ ಲೇಪವನ್ನು ಕೆಲವೇ ವರ್ಷಗಳಿಗೊಮ್ಮೆ ಹೊಸದಾಗಿ ಬಳಿಯಬೇಕು. ಅಡಿಕೆ ಒಣಗಿಸಲು ತಾರಸಿ ಬೇಕು ಎನ್ನುವುದು ನ್ಯಾಯವಾದ ಮಾತೇ. ಹಾಗಾದರೆ ಒಂದು ಭಾಗಕ್ಕೆ ಮಾತ್ರ ತಾರಸಿ ಇರಲಿ; ಅದಕ್ಕೂ ನೂರು ಅಡಿಗೆ ಒಂದು ಅಡಿಯಾದರೂ ಓಟ, ಅಂದರೆ ಇಳಿಜಾರು, ಕೊಡಿ.

ಮಂಗಳೂರು ಹಂಚಿನ ಬಗ್ಗೆ ನನಗೆ ಒಲವಿದೆ, ಮುಚ್ಚಿಡುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಹಂಚು ಇದೇ ಮಳೆಯಲ್ಲಿ ಪರೀಕ್ಷೆಗೆ ಒಳಗಾಗಿದೆ. ಒಂದು ಹಂಚು ಸುಮಾರು ಎರಡೂವರೆ ಕಿಲೋ, ಚದರ ಮೀಟರಿಗೆ ಹದಿನೈದು ಬೇಕು. ಅಂದರೆ ನಲವತ್ತು ಕಿಲೋ ಒಳಗೆ. ಐದು ಇಂಚಿನ ಸ್ಲ್ಯಾಬ್ ಅದೇ ಜಾಗಕ್ಕೆ 300 ಕಿಲೋ ಮೀರುತ್ತದೆ. ಹಂಚುಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಬೇಸಿಗೆಯ ಬಿಸಿ ಒಳಗೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿ ಸೋರುತ್ತದೆಂದು ಒಳಗಿನಿಂದಲೇ ಕಾಣುತ್ತದೆ, ಒಂದು ಹಂಚು ಬದಲಿಸಿದರೆ ಮುಗಿಯಿತು. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಚೆನ್ನಾಗಿ ಬೆಂದದ್ದು ಠಣ್ ಎನ್ನುತ್ತದೆ, ಒಡಕು ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಇಳಿಜಾರು 30 ಡಿಗ್ರಿಗೆ ಕಡಿಮೆಯಾದರೆ ನಮ್ಮ ಕಡೆಯ ಗಾಳಿಮಳೆ ಹಂಚಿನ ಕೆಳಗೆ ನುಗ್ಗುತ್ತದೆ.

ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಸಿಮೆಂಟಿನಿಂದ ಹಂಚು ಅಂಟಿಸುವವರಿಗೆ ಒಂದು ಮಾತು. ನೋಡಲು ಚೆಂದ, ಆದರೆ ಗಾರೆ ಬಿರುಕು ಬಿಟ್ಟ ಮೇಲೆ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಮೂಲ ಹುಡುಕಲು ಹಂಚುಗಳನ್ನೆಲ್ಲ ಒಡೆದೇ ತೆಗೆಯಬೇಕು. ಸ್ಲ್ಯಾಬಿನ ಮೇಲೂ ರೀಪು, ಅಂದರೆ ಹಂಚು ಕೂರುವ ಮರದ ಪಟ್ಟಿ, ಹೊಡೆದು ಹಂಚು ಕೂರಿಸಿ.

ಲೋಹದ ಶೀಟನ್ನು ಹಳಿಯುವ ಕಾರಣವಿಲ್ಲ. ಹಗುರ, ಬೇಗ ಮುಗಿಯುತ್ತದೆ, ಮಂಗ ಹಾರಿದರೆ ಒಡೆಯುವುದಿಲ್ಲ. ಆದರೆ 0.35 ಮಿ.ಮೀ. ಶೀಟನ್ನು 0.5 ಎಂದು ನಂಬಿಸಿ ಮಾರುವವರಿದ್ದಾರೆ, ಅಳೆದು ಕೊಳ್ಳಿ. ಶೀಟಿಗಿಂತ ಮೊದಲು ಕೆಡುವುದು ಸ್ಕ್ರೂ ಕೆಳಗಿನ ರಬ್ಬರ್ ವಾಷರ್. ಬಿಸಿಲಿಗೆ ಅದು ಗಟ್ಟಿಯಾಗಿ ಸೀಳುತ್ತದೆ, ಸೋರಿಕೆ ಅಲ್ಲಿಂದಲೇ ಶುರು. ಮಳೆಯ ಸದ್ದನ್ನೂ ಬಿಸಿಲ ಝಳವನ್ನೂ ತಡೆಯಲು ಒಳಮಾಡು ಬೇಕು, ಅದರ ಖರ್ಚನ್ನು ಲೆಕ್ಕಕ್ಕೆ ಸೇರಿಸಿಯೇ ಹೋಲಿಸಿ.

ಹಳೆಯ ಕೊಟ್ಟಿಗೆಗಳ ಮೇಲೆ ಕಲ್ನಾರಿನ ಶೀಟು ಇನ್ನೂ ಇವೆ. ಅದರ ನಾರು ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರ್ ತರಬಲ್ಲದು. ಒಡೆಯಬೇಡಿ, ಕೊರೆಯಬೇಡಿ, ಒಣಗಿದ್ದಾಗ ಉಜ್ಜಬೇಡಿ. ತೆಗೆಯಲೇಬೇಕಾದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಿ.

ಹೋದ ವರ್ಷ ಒಬ್ಬ ಹಿರಿಯ ದಂಪತಿ ಕರೆದಿದ್ದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಸಿಗುತ್ತಿಲ್ಲ, ಹಿತ್ತಿಲಿನ ಹಲಸಿನ ಮರದಿಂದ ಮಂಗಗಳು ಅಡುಗೆಮನೆಯ ಮೇಲೇ ಹಾರುತ್ತವೆ. «ಎಲ್ಲ ತೆಗೆದು ತಾರಸಿ ಹಾಕಿಬಿಡಿ» ಎಂದರು ರಾಯರು. ಅವರ ಮನೆಯಾಕೆ ಮಾತಾಡದೆ ಜಗಲಿಯ ಮಾಡನ್ನೇ ನೋಡುತ್ತಿದ್ದರು. ಕೊನೆಗೆ ಹಿತ್ತಿಲ ಕಡೆಯ ಮಾಡಿಗೆ ಮಾತ್ರ ಶೀಟು ಹಾಕಿ ಒಳಮಾಡು ಕೂರಿಸಿದೆವು. ಜಗಲಿ ಮತ್ತು ನಡುಮನೆಯ ಹಂಚು ಹಾಗೆಯೇ ಉಳಿಯಿತು, ಗೆದ್ದಲು ತಿಂದ ರೀಪು ಮಾತ್ರ ಬದಲಾಯಿತು. ಹಿಂದಿನಿಂದ ಇಳಿಸಿದ ಹಂಚುಗಳಲ್ಲಿ ಇನ್ನೂರನ್ನು ಕೊಟ್ಟಿಗೆಯ ಪಕ್ಕ ಒಟ್ಟಿಟ್ಟಿದ್ದೇವೆ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ, ಬೇರೆಯದು ತಂದರೆ ಸರಿಯಾಗಿ ಕೂರುವುದಿಲ್ಲ. ಆ ಹಂಚಿನ ಹಿಂಬದಿಯಲ್ಲಿ ಹೆಸರಿದ್ದ ಕಾರ್ಖಾನೆ ಈಗ ಇಲ್ಲ.